ಮೊದಲು ಎದ್ದವರ ಒಲೆ

ನಮ್ಮ ಮನೆಯಲ್ಲಿ ಹಾಲನ್ನು ಕಾಯಿಸುವ ಮೊದಲು ಮೂಸಿ ನೋಡುತ್ತಿದ್ದರು, ಕಾಯಿಸಿದ ಮೇಲೆ ಮತ್ತೊಮ್ಮೆ ಮೂಸುತ್ತಿದ್ದರು. ಜೋಳ ಬೀಸಿಸಿಕೊಂಡು ಬಂದರೆ ಗಿರಣಿಯವನು ಎಷ್ಟು ಹಿಟ್ಟು ಉಳಿಸಿಕೊಂಡಿರಬಹುದು ಎಂದು ಚೀಲವನ್ನು ಎತ್ತಿ ಇಳಿಸಿ ಅಂದಾಜು ಮಾಡುತ್ತಿದ್ದರು. ಬಾಗಿಲಿಗೆ ಬಂದವರು ನಕ್ಕರೆ ಯಾಕೆ ನಕ್ಕರು, ನಗದಿದ್ದರೆ ಯಾಕೆ ನಗಲಿಲ್ಲ, ಎರಡಕ್ಕೂ ಮಧ್ಯಾಹ್ನದ ತನಕ ಚರ್ಚೆ. ಆಯಿ, ಅಂದರೆ ಅಪ್ಪನ ತಾಯಿ, ಅವ್ವನನ್ನು ನಂಬುತ್ತಿರಲಿಲ್ಲ. ಅವ್ವ ಆಯಿಯನ್ನು ನಂಬುತ್ತಿರಲಿಲ್ಲ. ಅಪ್ಪ ಇಬ್ಬರನ್ನೂ ನಂಬುತ್ತೇನೆ ಎನ್ನುತ್ತಿದ್ದ, ಅದನ್ನು ಇಬ್ಬರೂ ನಂಬುತ್ತಿರಲಿಲ್ಲ. ಇಂಥ ಮನೆಯಲ್ಲಿ ಬೆಳೆದವಳು ನಾನು. ಈಗಲೂ ಯಾರಾದರೂ ನನ್ನನ್ನು ಹೊಗಳಿದರೆ ಮೊದಲು ಬರುವ ಯೋಚನೆ, ಇವರಿಗೆ ನನ್ನಿಂದ ಏನೋ ಬೇಕಾಗಿದೆ ಎನ್ನುವುದೇ. ನನ್ನ ಗಂಡ ಇದಕ್ಕೆ ಬೈಯುತ್ತಾನೆ. ಬೈಯಲಿ, ನಾನೇನು ಮಾಡಲಿ, ನನ್ನ ಮೂಗು ತಯಾರಾದದ್ದು ಆ ಅಡಿಗೆಮನೆಯಲ್ಲಿ.

ವಾಡಿಯ ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸು ನಮ್ಮದು. ಎರಡು ಕೋಣೆ, ಒಂದು ಅಡಿಗೆಮನೆ, ಹಿತ್ತಲಲ್ಲಿ ತಗಡಿನ ಕೆಳಗೆ ಬಚ್ಚಲು. ಸಂಜೆ ಒರೆಸಿದ ಕಿಟಕಿ ಬೆಳಿಗ್ಗೆ ಬೂದಿಬಣ್ಣ. ತುಳಸಿ ಗಿಡಕ್ಕೆ ನೀರು ಹಾಕುವ ಮೊದಲು ಎಲೆ ತೊಳೆಯಬೇಕಿತ್ತು. ನೆಲಕ್ಕೆ ಶಹಾಬಾದಿನ ಫರಸಿ ಹಾಸಿದ್ದರು. ಚಳಿಗಾಲದ ನಸುಕಿನಲ್ಲಿ ಆ ಕಲ್ಲಿನ ಮೇಲೆ ಬರಿಗಾಲಿಟ್ಟರೆ ಥಂಡಿ ಮೊಣಕಾಲಿನ ತನಕ ಏರುತ್ತಿತ್ತು. ನಾನು ಹಾಸಿಗೆಯಿಂದ ಬಚ್ಚಲಿಗೆ ಗೋಣಿಚೀಲದಿಂದ ಗೋಣಿಚೀಲಕ್ಕೆ ಜಿಗಿಯುತ್ತ ಹೋಗುತ್ತಿದ್ದೆ. ಆಯಿ ಮಾತ್ರ ಕತ್ತಲಿರುವಾಗಲೇ ಎದ್ದು, ಅದೇ ಫರಸಿಯ ಮೇಲೆ ಬರಿಗಾಲಲ್ಲಿ ನಡೆದು, ತೊಟ್ಟಿಯ ತಣ್ಣೀರನ್ನೇ ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದಳು. ಅವಳ ಹಲ್ಲು ಕಟಕಟಿಸುವ ಸದ್ದು ಒಳಗೆ ಮಲಗಿದ್ದ ನಮಗೆ ಕೇಳುತ್ತಿತ್ತು.

ಇದಕ್ಕೆ ಕಾರಣ ಒಂದು ಕಾನೂನು. ಮಾಡಿದವಳು ಆಯಿಯೇ. ಸ್ನಾನ ಮಾಡದವರು ಒಲೆ ಮುಟ್ಟುವಂತಿಲ್ಲ. ಅಡಿಗೆಯ ಒಲೆಯಷ್ಟೇ ಅಲ್ಲ, ಬಚ್ಚಲಿನ ನೀರೊಲೆಯನ್ನೂ ಮುಟ್ಟುವಂತಿಲ್ಲ, ಎರಡರಲ್ಲೂ ಇರುವುದು ಒಂದೇ ಬೆಂಕಿ. ಹೀಗಾಗಿ ಮನೆಯಲ್ಲಿ ಮೊದಲು ಎದ್ದವರಿಗೆ ತಣ್ಣೀರೇ ಗತಿ. ಅವರು ಮಿಂದು ನೀರೊಲೆ ಹಚ್ಚಿದ ಮೇಲೆ ಉಳಿದವರಿಗೆಲ್ಲ ಬಿಸಿನೀರು. ಇದರ ಬೆನ್ನಿಗೆ ಇನ್ನೊಂದು ಕಾನೂನು ಬಾಯಿಬಿಟ್ಟು ಹೇಳದೆಯೇ ನಡೆಯುತ್ತಿತ್ತು. ಒಲೆ ಹಚ್ಚಿದವರದೇ ಆ ದಿನದ ಅಡಿಗೆಮನೆ. ಯಾವ ಪಲ್ಯ, ಎಷ್ಟು ಎಣ್ಣೆ, ಯಾರಿಗೆ ಎಷ್ಟು ತುಪ್ಪ, ಎಲ್ಲವೂ ಅವರ ಕೈಯಲ್ಲಿ. ಬೀಗದ ಕೈ ಅವರ ಸೊಂಟದಲ್ಲಿ. ಅವ್ವ ಮದುವೆಯಾಗಿ ಬಂದಂದಿನಿಂದ ಆಯಿಗಿಂತ ಮೊದಲು ಏಳಲು ನೋಡುತ್ತಿದ್ದಳು. ಆಯಿ ಪ್ರತಿ ಸಲ ಅವಳಿಗಿಂತ ಒಂದು ಚಣ ಮೊದಲೇ ಎದ್ದು ಬಚ್ಚಲು ಸೇರುತ್ತಿದ್ದಳು. ಮುದುಕಿಗೆ ನಿದ್ದೆಯೇ ಬರುವುದಿಲ್ಲವೇ ಎಂದು ಅವ್ವನಿಗೆ ಅನುಮಾನ.

ಆಯಿಗೆ ಅವ್ವನ ಮೇಲಿದ್ದ ಅನುಮಾನ ಇನ್ನೂ ದೊಡ್ಡದು. ಅವ್ವನ ತವರು ಚಿಂಚೋಳಿ ತಾಲೂಕಿನ ಕುಂಚಾವರಂ ಕಡೆ, ಕಾಡಿನ ಅಂಚು. ಸಿಟ್ಟು ಬಂದರೆ ಅವ್ವನ ಬಾಯಲ್ಲಿ ತೆಲುಗು ಬರುತ್ತಿತ್ತು. ಅರ್ಥವಾಗದ ಭಾಷೆಯಲ್ಲಿ ಬೈದರೆ ಅದು ಮಂತ್ರವೇ ಎಂದು ಆಯಿಯ ತೀರ್ಮಾನ. ಆ ಕಾಡಿನವರು ಅನ್ನದಲ್ಲಿ ಮದ್ದು ಹಾಕಿ ಗಂಡನನ್ನು ಕೈವಶ ಮಾಡಿಕೊಳ್ಳುತ್ತಾರೆ ಎಂದು ಆಯಿಗೆ ಯಾರೋ ತಲೆಯಲ್ಲಿ ತುಂಬಿದ್ದರು. ಇಬ್ಬರೂ ಗೂಢಚಾರರನ್ನು ಇಟ್ಟುಕೊಂಡಿದ್ದರು. ಎರಡೂ ಕಡೆಯ ಗೂಢಚಾರಿಣಿ ನಾನೇ. ಸಂಬಳ ಬೆಲ್ಲದ ತುಂಡು. ಅವ್ವ ಏನು ಮಾಡುತ್ತಿದ್ದಾಳೆ ಎಂದು ಆಯಿಗೆ ಹೇಳಿ ಬೆಲ್ಲ ತಿನ್ನುತ್ತಿದ್ದೆ, ಆಯಿ ಏನು ಕೇಳಿದಳು ಎಂದು ಅವ್ವನಿಗೆ ಹೇಳಿ ಮತ್ತೆ ಬೆಲ್ಲ ತಿನ್ನುತ್ತಿದ್ದೆ. ಸುಖವಾಗಿದ್ದೆ.

ಹಿಂದಿನ ವರ್ಷದ ಚಳಿಗಾಲದಲ್ಲಿ ಆಯಿಗೆ ನಿಮೋನಿಯಾ ಆಗಿತ್ತು. ಕಲಬುರಗಿಯ ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿ ಮಲಗಿಸಿದ್ದರು. ಇನ್ನೊಮ್ಮೆ ಹೀಗಾದರೆ ಉಳಿಯುವುದು ಕಷ್ಟ, ಥಂಡಿಯಿಂದ ದೂರ ಇಡಿ ಎಂದು ಡಾಕ್ಟರು ಅಪ್ಪನನ್ನು ಹೊರಗೆ ಕರೆದು ಹೇಳಿದ್ದರು. ಅಪ್ಪ ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ಅತ್ತ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು, ನನಗೆ ವಿಪರೀತ ಹೆದರಿಕೆಯಾಯಿತು. ಆಯಿ ಮನೆಗೆ ಬಂದಳು, ನಾಲ್ಕು ದಿನ ಸುಮ್ಮನಿದ್ದಳು, ಆಮೇಲೆ ನಸುಕಿನಲ್ಲಿ ಮತ್ತೆ ತೊಟ್ಟಿಯ ತಣ್ಣೀರು ಸುರಿಯುವ ಸದ್ದು. ಅಪ್ಪ ಬೇಡಿಕೊಂಡ, ಕೂಗಾಡಿದ, ತೊಟ್ಟಿಯ ನೀರನ್ನು ರಾತ್ರಿಯೇ ಖಾಲಿ ಮಾಡಿಟ್ಟ. ಆಯಿ ನೆರೆಮನೆಯ ತೊಟ್ಟಿಗೆ ಹೋದಳು. ಡಾಕ್ಟರ ಮಾತನ್ನು ಅವಳು ನಂಬಿರಲಿಲ್ಲ. ಸೊಸೆ ಹೇಳಿಕೊಟ್ಟು ಹೇಳಿಸಿದ್ದಾಳೆ ಎನ್ನುವುದು ಅವಳ ಲೆಕ್ಕ.

ಮತ್ತೊಂದು ಚಳಿಗಾಲ ಬರುವ ಹೊತ್ತಿಗೆ ಕಾರ್ಖಾನೆಯಲ್ಲಿ ಹೊಸ ಭಟ್ಟಿ ಕಟ್ಟುವುದಕ್ಕೆ ಚೀನಾದಿಂದ ಕೆಲವರು ಬಂದರು. ಅಪ್ಪ ಕಾರ್ಖಾನೆಯ ಜೀಪಿನ ಡ್ರೈವರ್. ಅವರಲ್ಲಿ ಹಿರಿಯರಾದ ಚೆನ್ ಸಾಹೇಬರನ್ನು ಗೆಸ್ಟ್‌ಹೌಸಿನಿಂದ ಭಟ್ಟಿಗೆ, ಭಟ್ಟಿಯಿಂದ ಗೆಸ್ಟ್‌ಹೌಸಿಗೆ ಬಿಡುವುದು ಅವನ ಕೆಲಸ. ಆ ಸಾಹೇಬರಿಗೆ ಹರಕು ಮುರುಕು ಹಿಂದಿ ಬರುತ್ತಿತ್ತು. ಅಪ್ಪ ದಿನಾ ಸಂಜೆ ಬಂದು ಅವರ ಸುದ್ದಿ ಹೇಳುತ್ತಿದ್ದ. ತಣ್ಣೀರು ಕುಡಿಯುವುದೇ ಇಲ್ಲವಂತೆ, ಮಧ್ಯಾಹ್ನದ ಬಿಸಿಲಲ್ಲೂ ಬಾಟಲಿಯಲ್ಲಿ ಕುದಿಸಿದ ನೀರು. ಸೊಂಟಕ್ಕೆ ಉಣ್ಣೆಯ ಪಟ್ಟಿ, ಕತ್ತಿಗೂ ಕಿವಿಗೂ ಮಫ್ಲರು. ಸಂಜೆ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂರುತ್ತಾರಂತೆ, ಬೇಗ ಮಲಗುತ್ತಾರಂತೆ, ಹೊತ್ತು ಹುಟ್ಟಿದ ಮೇಲೆಯೇ ಏಳುತ್ತಾರಂತೆ. ಅವರ ದೇಶದ ಹಳೆಯ ವೈದ್ಯದಲ್ಲಿ ಚಳಿಗಾಲ ಅಂದರೆ ಖರ್ಚು ಮಾಡುವ ಕಾಲವಲ್ಲ, ಕೂಡಿಡುವ ಕಾಲವಂತೆ. ಮೈಯ ಕಾವೆಲ್ಲ ಸೊಂಟದ ಹಿಂದೆ ಮೂತ್ರಪಿಂಡದಲ್ಲಿ ಇರುತ್ತದೆ, ಥಂಡಿ ಕಾಲಿನಿಂದಲೂ ಕತ್ತಿನಿಂದಲೂ ಒಳಗೆ ನುಗ್ಗುತ್ತದೆ, ಬಾಗಿಲು ಹಾಕಿಕೊಂಡಿರಬೇಕು ಎಂದು ಅವರು ಹೇಳಿದರಂತೆ.

ಆಯಿ ಎಲ್ಲ ಕೇಳಿಸಿಕೊಂಡು ಅಂದಳು:

"ಕಿವಿ ಕಟ್ಕೊಂಡು, ಬಿಸಿನೀರು ಕುಡ್ಕೊಂಡು, ಕಾಲು ಕಾಯಿಸ್ಕೊಂಡು ಕುಂದ್ರತಾನಂದ್ರ, ಅಂವ ಭಟ್ಟಿ ಕಟ್ಟಾಕ ಬಂದಾನೋ ಬಾಣಂತನಕ್ಕ ಬಂದಾನೋ?"

ಅವ್ವನಿಗೂ ನಗು ಬಂತು. ಅತ್ತೆ ಸೊಸೆ ಒಟ್ಟಿಗೆ ನಕ್ಕದ್ದು ಅಪರೂಪ, ಆಮೇಲೆ ಇಬ್ಬರೂ ಮುಖ ಗಂಟಿಕ್ಕಿಕೊಂಡರು.

ಒಂದು ಭಾನುವಾರ ಅಪ್ಪ ಚೆನ್ ಸಾಹೇಬರನ್ನು ಮನೆಗೇ ಕರೆದುಕೊಂಡು ಬಂದ. ಅಪ್ಪನ ಆಸೆ ಇಷ್ಟೇ, ತಾಯಿ ತನ್ನ ಮಾತು ಕೇಳುವುದಿಲ್ಲ, ಡಾಕ್ಟರ ಮಾತು ಕೇಳುವುದಿಲ್ಲ, ಪರದೇಶದ ಹಿರಿಯ ಮನುಷ್ಯ ಹೇಳಿದರೆ ಕೇಳಬಹುದೇನೋ. ಸಾಹೇಬರು ಬಾಗಿಲಲ್ಲಿ ಬೂಟು ಬಿಚ್ಚಿದರು. ಕಾಲಿಗೆ ಎರಡು ಜೋಡಿ ಸಾಕ್ಸು ಹಾಕಿದ್ದನ್ನು ನಾನು ನೋಡಿದೆ. ಆಯಿ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು, ಪಾದಗಳು ಫರಸಿಯ ಮೇಲೆ. ಅವರು ಆಯಿಯನ್ನು ನೋಡಿದರು, ಫರಸಿಯನ್ನು ನೋಡಿದರು, ಸರ್ರನೆ ಬಗ್ಗಿ ಆಯಿಯ ಎರಡೂ ಪಾದಗಳನ್ನು ಕೈಯಲ್ಲಿ ಹಿಡಿದುಕೊಂಡರು. ಎಷ್ಟು ತಣ್ಣಗಿವೆ ಎಂದು ನೋಡುವುದಕ್ಕೆ ಹಿಡಿದದ್ದು. ಆಯಿಗೆ ಅದು ಗೊತ್ತಾಗಲಿಲ್ಲ. ಅವಳ ಕೈ ತಾನಾಗಿಯೇ ಹೋಗಿ ಅವರ ತಲೆಯ ಮೇಲೆ ಕೂತಿತು.

"ಏಳಪ್ಪಾ ಏಳು, ನೂರು ವರ್ಷ ಬಾಳು."

"ಮಾಂಜೀ, ಪೈರ್ ಬಹುತ್ ಥಂಡಾ" ಎಂದರು ಅವರು, ಪಾದ ಬಿಡದೆ.

ಆಯಿಯ ಕಣ್ಣಲ್ಲಿ ನೀರು. ನಮ್ಮ ಕಡೆಗೆ ತಿರುಗಿ ಅಂದಳು:

"ನೋಡ್ರಿ. ಹೆತ್ತ ಮಗ ಯುಗಾದಿಗೊಮ್ಮೆ ಕಾಲಿಗೆ ಬೀಳ್ತಾನ, ಅದೂ ನಾ ನೆನಪು ಮಾಡಿದ್ರ. ಈ ಪರದೇಶದಾಂವ ಬಂದ ಕೂಡ್ಲೇ ಕಾಲು ಹಿಡದಾನ."

ಅಪ್ಪ ನಿಜ ಹೇಳಲಿಲ್ಲ. ಅವ್ವ ಬಾಗಿಲ ಸಂದಿಯಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು. ಚೆನ್ ಸಾಹೇಬರು ಚಹಾ ಕುಡಿದು, ಆಯಿಗೆ ಒಂದೊಂದಾಗಿ ಹೇಳಿದರು, ಅಪ್ಪ ಕನ್ನಡ ಮಾಡಿದ. ನಸುಕಿನಲ್ಲಿ ಏಳಬೇಡಿ, ಬಿಸಿಲು ಬರಲಿ. ತಣ್ಣೀರು ಮೈಗೂ ಬೇಡ, ಬಾಯಿಗೂ ಬೇಡ. ಸಂಜೆ ಬಿಸಿನೀರಲ್ಲಿ ಕಾಲಿಡಿ. ಸೊಂಟ ಮುಚ್ಚಿಕೊಳ್ಳಿ, ಬೆನ್ನಿಗೆ ಬಿಸಿಲು ಕಾಯಿಸಿ. ಕಪ್ಪಗಿರುವುದನ್ನು ತಿನ್ನಿ, ಕರಿ ಎಳ್ಳು ಬಹಳ ಒಳ್ಳೆಯದು. ಹೆದರಬೇಡಿ, ಹೆದರಿಕೆಯೂ ಚಳಿಗಾಲದಲ್ಲಿ ಮೂತ್ರಪಿಂಡಕ್ಕೆ ಕೆಟ್ಟದ್ದು.

"ನಾ ಯಾರಿಗೆ ಹೆದರ್ತೀನಿ?" ಎಂದಳು ಆಯಿ, ಅವ್ವನ ಕಡೆ ನೋಡುತ್ತ.

ಕಾಲಿಗೆ ಬಿದ್ದವನು ಕೇಳಿಕೊಂಡ ಮಾತನ್ನು ತೆಗೆದುಹಾಕುವುದು ಆಯಿಯ ಕೈಲಿ ಆಗುವ ಕೆಲಸವಲ್ಲ. ಈ ಚಳಿಗಾಲ ಮುಗಿಯುವ ತನಕ ನಸುಕಿನಲ್ಲಿ ಏಳುವುದಿಲ್ಲ ಎಂದು ಒಪ್ಪಿಕೊಂಡಳು. ಎರಡೇ ದಿನಕ್ಕೆ ಅನುಮಾನ ಶುರು. ಮೊದಲು ಕಾಲಿಗೆ ಬಿದ್ದು ಆಮೇಲೆ ಮಾತು ತೆಗೆದುಕೊಂಡನಲ್ಲ, ಭಾರಿ ಹುಷಾರಿದ್ದಾನೆ, ಇದರ ಹಿಂದೆ ಯಾರಿದ್ದಾರೆ? ಕರಿ ಎಳ್ಳು ಶನಿದೇವರಿಗೆ ಕೊಡುವಂಥದ್ದು, ಅದನ್ನು ತಿನ್ನು ಎನ್ನುತ್ತಾನಲ್ಲ, ನನ್ನನ್ನು ಮೇಲಕ್ಕೆ ಕಳಿಸುವುದಕ್ಕೆ ನೋಡುತ್ತಿದ್ದಾರೋ ಹೇಗೆ? ಕಡೆಗೆ ಗುರೆಳ್ಳೂ ಕಪ್ಪೇ ಅಲ್ಲವೇ ಎಂದು ತಾನೇ ದಾರಿ ಕಂಡುಕೊಂಡಳು. ಗುರೆಳ್ಳಿನ ಹಿಂಡಿಯನ್ನು, ಅಂದರೆ ಚಟ್ನಿಪುಡಿಯನ್ನು, ಅವಳು ಹುಟ್ಟಿದಾಗಿನಿಂದ ರೊಟ್ಟಿಗೆ ಹಚ್ಚಿಕೊಂಡು ತಿಂದವಳು, ಇನ್ನೆರಡು ಚಮಚ ಜಾಸ್ತಿ ಹಾಕಿಕೊಂಡಳು. ಕಪ್ಪು ಪದಾರ್ಥ ಸೀದಾ ಮೂತ್ರಪಿಂಡಕ್ಕೆ ಹೋಗುತ್ತದೆ ಎನ್ನುವುದನ್ನು ನಾನು ಈಗಲೂ ನಂಬಿಲ್ಲ. ಹೊಟ್ಟೆಗೆ ಬಣ್ಣ ಕಾಣುತ್ತದೆಯೇ? ಆದರೆ ಬಿಸಿನೀರಲ್ಲಿ ಕಾಲಿಟ್ಟು ಕೂತ ಆಯಿಯ ಮುಖ ಸಡಿಲಾಗುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಒಲೆಯ ಪ್ರಶ್ನೆ ಬಂತು. ಆಯಿ ಹೊತ್ತೇರಿ ಎದ್ದರೆ ಮೊದಲು ಏಳುವವರು ಯಾರು? ಅಪ್ಪ ಪೇಟೆಯಿಂದ ಕರೆಂಟಿನ ಕಾಯಿಲ್ ತಂದ. ಬಕೆಟ್ಟಿನಲ್ಲಿ ಇಟ್ಟು ಸ್ವಿಚ್ ಹಾಕಿದರೆ ಆಯಿತು, ಒಲೆ ಮುಟ್ಟುವ ಪ್ರಶ್ನೆಯೇ ಇಲ್ಲ, ಮೊದಲು ಎದ್ದವರಿಗೂ ಬಿಸಿನೀರು. ಆಯಿ ಅದನ್ನು ನೀರಿನ ಹೊರಗೆ ಹಿಡಿದು ಹಚ್ಚಿಸಿ ನೋಡಿದಳು.

"ಕೆಂಪಗ ಆಯ್ತಿಲ್ಲೋ? ಬೆಂಕಿನೇ ಅದ. ಸ್ನಾನ ಇಲ್ದ ಮುಟ್ಟಬ್ಯಾಡ್ರಿ."

ಆ ಕಾಯಿಲ್ ಅಷ್ಟಕ್ಕೇ ಸುಟ್ಟೂ ಹೋಯಿತು. ಅಪ್ಪ ಸುಲಭವಾಗಿ ಹೇಳಿಬಿಟ್ಟ:

"ಮಾದೇವಿ ಏಳ್ತಾಳ ಬಿಡು."

ಮಾದೇವಿ ಅಂದರೆ ಅವ್ವ. ಅಪ್ಪ ಅವಳನ್ನು ಕೇಳಲಿಲ್ಲ. ಆದರೆ ಅವಳ ಮುಖ ನಾನು ನೋಡಿದೆ, ಲಾಟರಿ ಹೊಡೆದವರ ಮುಖ. ಇಷ್ಟು ವರ್ಷ ಕಾದದ್ದು ತಾನಾಗಿ ಮಡಿಲಿಗೆ ಬಿದ್ದಿತ್ತು. ಆಯಿ ಸೊಂಟದಿಂದ ಬೀಗದ ಕೈ ಬಿಚ್ಚಿ ಗೂಟಕ್ಕೆ ತೂಗುಹಾಕಿದಳು, ಸೊಸೆಯ ಕೈಗೆ ಕೊಡಲಿಲ್ಲ. ಅವ್ವ ಗೂಟದಿಂದ ತೆಗೆದುಕೊಂಡಳು.

ಆ ಚಳಿಗಾಲ ಅವ್ವನ ರಾಜ್ಯ. ನಸುಕಿನಲ್ಲಿ ಎದ್ದು ತಣ್ಣೀರು ಸುರಿದುಕೊಂಡು, ನೀರೊಲೆ ಹಚ್ಚಿ, ಅಡಿಗೆಯ ಒಲೆ ಹಚ್ಚಿ, ನಾವು ಏಳುವುದರೊಳಗೆ ರೊಟ್ಟಿ ಬಡಿದಿಟ್ಟಿರುತ್ತಿದ್ದಳು. ಆಯಿ ಕೌದಿಯೊಳಗೆ ಕಣ್ಣು ಮುಚ್ಚಿಕೊಂಡು, ಕಿವಿ ಮಾತ್ರ ಅಡಿಗೆಮನೆಗೆ ಕೊಟ್ಟು ಮಲಗುತ್ತಿದ್ದಳು. ಎಣ್ಣೆಯ ಡಬ್ಬಿಯ ಮುಚ್ಚಳ ಎರಡು ಸಲ ತೆರೆದದ್ದು, ಬೆಲ್ಲ ಜಜ್ಜಿದ್ದು, ಎಲ್ಲ ಅವಳಿಗೆ ಗೊತ್ತಾಗುತ್ತಿತ್ತು. ಒಂದು ದಿನ ಅವ್ವ ತನ್ನ ತವರಿನ ಪಚ್ಚಿಪುಲುಸು ಮಾಡಿದಳು, ಹುಣಸೆಹಣ್ಣು ಕಿವುಚಿ ಕುದಿಸದೆಯೇ ಮಾಡುವ ಸಾರು. ಆಯಿ ಎದ್ದು ಕೂತಳು.

"ಕುದಸಲಾರದ ಸಾರು, ಇಂಥಾ ಥಂಡ್ಯಾಗ! ಆ ಚೀನಾದಾಂವ ಏನಂದಾನ? ತಣ್ಣಗಿಂದು ಬ್ಯಾಡ ಅಂದಾನ. ಅಂವ ನನ್ನ ಕಾಲು ಮುಟ್ಟಿ ಹೇಳಿದ್ದು."

"ನಿಮಗ ಕುದಿಸಿ ಕೊಡ್ತೀನ್ರಿ ಅತ್ತಿ. ನಿಮ್ಮ ಮಗಗ ಹಿಂಗೇ ಬೇಕಂತ."

"ಅಂವಗ ಬೇಕಂತೋ, ನೀ ಬೇಕಾಗಂಗ ಮಾಡಿಯೋ?"

ಮದ್ದಿನ ಮಾತು ಬಂತು ಎಂದು ಅವ್ವನಿಗೆ ಗೊತ್ತಾಯಿತು. ಆ ದಿನವೆಲ್ಲ ಪಾತ್ರೆಗಳ ಸದ್ದು ಜೋರಾಗಿತ್ತು. ಎಳ್ಳಮವಾಸ್ಯೆಗೆ ಅವ್ವ ಸಜ್ಜೆ ರೊಟ್ಟಿ, ಸೊಪ್ಪು ಕಾಳಿನ ಭಜ್ಜಿ ಎಲ್ಲ ಒಬ್ಬಳೇ ಮಾಡಿದಳು. ಆಯಿ ಎರಡು ಸಲ ಹಾಕಿಸಿಕೊಂಡು ಉಂಡಳು. ಎಷ್ಟು ಹುಡುಕಿದರೂ ತಪ್ಪು ಸಿಗಲಿಲ್ಲ, ತಪ್ಪೇ ಇಲ್ಲ ಅಂದರೆ ಏನೋ ಇದೆ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಇಷ್ಟರ ನಡುವೆ ಯಾರೂ ಬಾಯಿಬಿಟ್ಟು ಒಪ್ಪದ ಸಂಗತಿ ಏನೆಂದರೆ, ಆಯಿ ಕೆಮ್ಮುತ್ತಿರಲಿಲ್ಲ. ಮೈ ತುಂಬಿಕೊಂಡಿತ್ತು. ಅಪ್ಪ ಜೀಪು ಒರೆಸುತ್ತ ಹಾಡುತ್ತಿದ್ದ.

ಕೆಮ್ಮಲು ಶುರು ಮಾಡಿದವಳು ಅವ್ವ. ಅದನ್ನು ಮನೆಯಲ್ಲಿ ಮೊದಲು ಕೇಳಿದವಳು ಆಯಿ. ಅನುಮಾನಕ್ಕೆಂದು ತೆರೆದಿಟ್ಟುಕೊಂಡ ಕಿವಿಗೆ ಅದು ಬಿದ್ದಿತ್ತು. ಅವ್ವ ಹಿತ್ತಲಿಗೆ ಹೋಗಿ, ಸೆರಗನ್ನು ಬಾಯಿಗೆ ತುರುಕಿಕೊಂಡು ಕೆಮ್ಮಿ ಬರುತ್ತಿದ್ದಳು. ನನಗೆ ಕೇಳುತ್ತಿರಲಿಲ್ಲ, ಅಪ್ಪನಿಗಂತೂ ಇಲ್ಲವೇ ಇಲ್ಲ. ಆಯಿ ನನ್ನನ್ನು ಹತ್ತಿರ ಕರೆದಳು.

"ಪೋರಿ, ನಿಮ್ಮವ್ವ ಜಳಕ ಮಾಡಿ ಬಂದಾಗ ಮೈ ಮುಟ್ಟಿ ನೋಡು. ಬಿಸಿ ಅದ ಏನು ನನಗ ಬಂದು ಹೇಳು."

ಮುಟ್ಟಿ ನೋಡಿದೆ. ತಣ್ಣೀರು ಸುರಿದುಕೊಂಡು ಬಂದವಳ ಕತ್ತು ಬಿಸಿಯಾಗಿತ್ತು. ಹೇಳಿದೆ. ಆಯಿ ಬೆಲ್ಲ ಕೊಡುವುದನ್ನು ಮರೆತಳು, ನಾನೂ ಕೇಳಲಿಲ್ಲ. ಸಂಜೆ ಅಪ್ಪ ಬಂದಾಗ ಆಯಿ ಅವನನ್ನು ಹಿಡಿದಳು.

"ಮಾದೇವಿಗೆ ಎದಿ ಕೆಮ್ಮು ಅದ. ಜ್ವರಾನೂ ಅದ. ಡಾಕ್ಟರಗ ತೋರಸು."

"ಹೊಗೀಗೆ ಕೆಮ್ತಿರಬೇಕು ಬಿಡವ್ವಾ."

"ಗಂಟಲ ಕೆಮ್ಮು ಬ್ಯಾರೆ, ಎದಿ ಕೆಮ್ಮು ಬ್ಯಾರೆ. ನನಗ ಆಗಿತ್ತಲ್ಲೋ, ನನಗ ಗೊತ್ತಿಲ್ಲೇನು?"

ಅಪ್ಪ ನಕ್ಕ. ಅವನ ತಲೆಯಲ್ಲಿ ಏನಿತ್ತೆಂದು ನನಗೂ ಗೊತ್ತಾಯಿತು, ಆಯಿಗೂ ಗೊತ್ತಾಯಿತು. ಮುದುಕಿ ಒಲೆ ವಾಪಸು ಕಸಿದುಕೊಳ್ಳುವುದಕ್ಕೆ ನೆಪ ಹುಡುಕುತ್ತಿದ್ದಾಳೆ. ಅವ್ವನೂ ಅದನ್ನೇ ಅಂದಳು. ನನಗೇನೂ ಆಗಿಲ್ಲ, ಗಟ್ಟಿಮುಟ್ಟಾಗಿದ್ದೇನೆ ಎಂದು ತುಂಬಿದ ಕೊಡ ಎತ್ತಿ ತೋರಿಸಿದಳು. ಎತ್ತುವಾಗ ಅವಳ ಮುಖ ಬಿಳಿಚಿಕೊಂಡಿತು. ನನಗೆ ಆಗ ಯಾರನ್ನು ನಂಬಬೇಕೆಂದೇ ತಿಳಿಯಲಿಲ್ಲ.

ಆಯಿ ಮೊದಲು ಒಳ್ಳೆಯ ಮಾತಿನ ದಾರಿ ಹಿಡಿದಳು. ಅದು ಅವಳಿಗೆ ರೂಢಿಯಿಲ್ಲದ ದಾರಿ. ತನಗೆಂದು ಇಟ್ಟ ಕಾಲಿನ ಬಿಸಿನೀರನ್ನು ಎತ್ತಿಕೊಂಡು ಹೋಗಿ ಅವ್ವನ ಮುಂದಿಟ್ಟಳು. ಅದರಲ್ಲಿ ಶುಂಠಿ ಜಜ್ಜಿ ಹಾಕಿದ್ದಳು.

"ಕಾಲಿಡು. ಒಂದೀಟು ಕುಂದ್ರು. ನಾಳಿಂದ ನಸುಕಿನ್ಯಾಗ ಏಳಬ್ಯಾಡ."

ಅವ್ವ ಹಾವು ಕಂಡವಳಂತೆ ಕಾಲು ಹಿಂದಕ್ಕೆ ಎಳೆದುಕೊಂಡಳು. ಇಷ್ಟು ವರ್ಷ ಒಂದು ಲೋಟ ನೀರು ಕೊಡದ ಅತ್ತೆ ಈಗ ಕಾಲಿಗೆ ನೀರು ತರುತ್ತಾಳೆಂದರೆ? ಆಯಿ ಒಳಗೆ ಹೋದ ಮೇಲೆ ಅವ್ವ ಅಷ್ಟೂ ನೀರನ್ನು ಬಚ್ಚಲಿಗೆ ಚೆಲ್ಲಿ ನನ್ನನ್ನು ಕೇಳಿದಳು:

"ಆ ನೀರಾಗ ಏನ್ ಹಾಕಿದ್ದಳು? ನೀ ನೋಡಿದ್ದಿ ಏನು?"

"ಶುಂಠಿ."

"ಮತ್ತೇನು?"

"ಏನಿಲ್ಲವ್ವಾ, ಬರೀ ಶುಂಠಿ."

ನಂಬಲಿಲ್ಲ. ಮರುದಿನ ಮತ್ತೆ ಕತ್ತಲಲ್ಲಿ ತಣ್ಣೀರು ಬೀಳುವ ಸದ್ದು, ಅದರ ಬೆನ್ನಿಗೆ ಕೆಮ್ಮು. ಈ ಸಲ ನನಗೂ ಕೇಳಿತು. ಅವ್ವ ಸತ್ತುಹೋಗುತ್ತಾಳೆ ಎಂದು ನಾನು ಕೌದಿಯೊಳಗೆ ಅತ್ತೆ. ಆಯಿ ಪಕ್ಕದಲ್ಲೇ ಮಲಗಿದ್ದಳು, ಸುಮ್ಮನಿರು ಎನ್ನಲೂ ಇಲ್ಲ.

ಅದರ ಮರುದಿನ ನಾನು ಎಚ್ಚರಾದದ್ದು ಜಗಳದ ಸದ್ದಿಗೆ. ಹೊರಗಿನ್ನೂ ಬೆಳಕಾಗಿರಲಿಲ್ಲ. ಆಯಿ ಬಚ್ಚಲಿನ ಹೊಸ್ತಿಲ ಮೇಲೆ ಕೌದಿ ಹೊದ್ದು ಅಡ್ಡ ಕೂತಿದ್ದಳು. ಅವ್ವ ತಂಬಿಗೆ ಹಿಡಿದು ಎದುರಿಗೆ ನಿಂತಿದ್ದಳು.

"ಸರೀರಿ ಅತ್ತಿ, ನನಗ ಹೊತ್ತಾಗ್ತದ."

"ಸರಿಯಂಗಿಲ್ಲ. ನನ್ನ ಒಲಿ ನನಗ ಬಿಡು. ಆಳಿದ್ದು ಸಾಕು."

"ನಾ ಏನ್ ತಪ್ಪ ಮಾಡೀನ್ರಿ?"

"ನಿನ್ನ ಕೈಯಾಗಿನ ಕೂಳು ನನಗ ಬ್ಯಾಡ. ಏನೇನ್ ಕಲಸ್ತೀಯೋ ಯಾರಿಗ್ಗೊತ್ತು. ನನ್ನ ಮಗನ್ನ ತಿಂದಿ, ಇನ್ನ ನನ್ನ ತಿಂತಿ ಏನು? ಮದ್ದು ಹಾಕೋ ಕೈ ನನ್ನ ಒಲಿ ಮುಟ್ಟೋದು ಬ್ಯಾಡ."

ಅನುಮಾನವಾಗಿ ಎಷ್ಟೋ ವರ್ಷದಿಂದ ಮನೆಯಲ್ಲಿ ಓಡಾಡಿಕೊಂಡಿದ್ದ ಆ ಮಾತು ಬಾಯಿಂದ ಬಂದದ್ದು ಅದೇ ಮೊದಲು. ಅವ್ವ ತಂಬಿಗೆಯನ್ನು ಕೈಬಿಟ್ಟಳು. ಫರಸಿಯ ಮೇಲೆ ಅದು ಉರುಳಿಕೊಂಡು ಹೋಯಿತು. ಸೊಂಟದ ಬೀಗದ ಕೈ ಕಿತ್ತು ಆಯಿಯ ಮುಂದೆ ಎಸೆದು, "ಅಯ್ಯೋ ದೇವುಡಾ" ಎನ್ನುತ್ತ ಒಳಗೆ ಬಂದು, ನನ್ನ ಪಕ್ಕದಲ್ಲಿ ಬಿದ್ದುಕೊಂಡು ಕೌದಿಯನ್ನು ತಲೆಯ ತನಕ ಎಳೆದುಕೊಂಡಳು. ಅವಳ ಮೈ ಕೆಂಡದ ಹಾಗೆ ಸುಡುತ್ತಿತ್ತು. ಅಳುತ್ತಿದ್ದಳು. ನನಗೆ ಆಯಿಯ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಎದ್ದು ಹೋಗಿ ಅವಳನ್ನು ಒದೆಯಬೇಕು ಅನ್ನಿಸಿತು. ಎದ್ದು ಹೋದೆ ಕೂಡ.

ಆಯಿ ಹೊಸ್ತಿಲ ಮೇಲೆಯೇ ಇದ್ದಳು. ಬೀಗದ ಕೈ ಬಿದ್ದಲ್ಲೇ ಬಿದ್ದಿತ್ತು, ಅವಳು ಎತ್ತಿಕೊಂಡಿರಲಿಲ್ಲ. ನನ್ನನ್ನು ಕಂಡು ಕೇಳಿದಳು:

"ಮಲಗಿದಳೇನು?"

"ಹೂಂ."

"ಹೊದ್ದುಕೊಂಡಾಳೇನು?"

"ಹೂಂ."

"ಹಂಗಾದ್ರ ಆಯ್ತು" ಎಂದು ಗೋಡೆ ಹಿಡಿದು ಎದ್ದಳು. ನೇರ ಹೊರಗಿನ ಕೋಣೆಗೆ ಹೋಗಿ, ಗೊರಕೆ ಹೊಡೆಯುತ್ತಿದ್ದ ಅಪ್ಪನ ಕೌದಿಯನ್ನು ಕಿತ್ತು ಎಳೆದಳು.

"ಏ ಶರಣ್ಯಾ, ಏಳು. ಜಳಕ ಮಾಡಿ ಒಲಿ ಹಚ್ಚು."

"ನಾನೇ?"

"ನೀನೇ. ಥಂಡ್ಯಾಗ ಏಳಬಾರದು, ತಣ್ಣೀರು ಮುಟ್ಟಬಾರದಂತ ಊರ ಶಾಸ್ತ್ರ ಎಲ್ಲಾ ಕಲ್ತು ಬಂದಿಯಲ್ಲ. ತಾಯಿಗೆ ಥಂಡಿ ಹತ್ತಬಾರದು, ಹೆಂಡ್ತಿ ಹತ್ತಿಸ್ಕೊಂಡು ಸಾಯ್ಲಿ, ಹೌದಿಲ್ಲೋ? ನಾನೂ ಬೆಚ್ಚಗ ಬಿದ್ದುಕೊಂಡು ಸುಮ್ಮನಿದ್ದೆ, ಆ ಮಾತು ಬ್ಯಾರೆ. ನೀ ಏಳು."

ಅಪ್ಪ ಬಚ್ಚಲಿಗೆ ಹೋದ. ಮೊದಲ ತಂಬಿಗೆ ಬಿದ್ದಾಗ ಅವನು ಹಾಕಿದ ಕೂಗಿಗೆ ಆಯಿ ಅವನ ಬಾಯಿ ಮುಚ್ಚಿಸಲು ಬಾಗಿಲು ಬಡಿದಳು. ಆಮೇಲೆ ಅವನು ಒದ್ದೆ ತಲೆಯಲ್ಲಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಊದಿದ, ಕೆಮ್ಮಿದ, ಕಣ್ಣೊರೆಸಿಕೊಂಡ, ಮತ್ತೆ 'ಉಫ್ ಉಫ್' ಎಂದು ಊದಿದ. ಆಯಿ ಮಣೆಯ ಮೇಲೆ ಕೂತು ಸನ್ನೆಯಲ್ಲೇ ಹೇಳಿಕೊಟ್ಟಳು, ಪುಳ್ಳೆ ಹೀಗಿಡು, ಹಾಗಿಡು. ನೀರು ಕಾದ ಮೇಲೆ ತಾನು ಬಿಸಿನೀರಲ್ಲಿ ಮಿಂದು ರೊಟ್ಟಿಗೆ ಕೂತಳು. ನನ್ನ ಕಿವಿ ಹಿಡಿದು ಹತ್ತಿರಕ್ಕೆ ಎಳೆದು ಹೇಳಿದಳು:

"ನಿಮ್ಮವ್ವ ಕೇಳಿದ್ರ ಆಯಿನೇ ಒಲಿ ಹಚ್ಯಾಳಂತ ಹೇಳು. ಗಂಡ ಒಲಿ ಊದ್ಲಿಕತ್ತಾನಂತ ಗೊತ್ತಾದ್ರ ಅಕಿ ಮಲಗ್ತಾಳೇನು? ನಾಚಿಕಿಗೆ ಎದ್ದು ಬರ್ತಾಳ. ನನ್ನ ಮ್ಯಾಲ ಸಿಟ್ಟಿದ್ರ ಸೆಟದು ಮಲಗ್ತಾಳ. ಮಲಗ್ಲಿ."

ಒಳಗೆ ಹೋದೆ. ಅವ್ವ ಕೌದಿಯೊಳಗಿಂದಲೇ ಕೇಳಿದಳು, ಏನು ನಡೆದಿದೆ ಅಲ್ಲಿ ಎಂದು. ಆಯಿ ಒಲೆ ಹಚ್ಚಿದ್ದಾಳೆ ಎಂದೆ. ಅವ್ವ ಗೋಡೆಯ ಕಡೆ ಮಗ್ಗುಲಾದಳು, ಹೊತ್ತೇರುವ ತನಕ ಏಳಲಿಲ್ಲ. ಅಂದೇ ಅಪ್ಪ ಅವಳನ್ನು ಶಹಾಬಾದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಎದೆಯಲ್ಲಿ ಕಫ ಗಟ್ಟಿಯಾಗಿದೆ, ಇನ್ನು ಕೆಲವು ದಿನ ಬಿಟ್ಟಿದ್ದರೆ ಕಲಬುರಗಿಗೇ ಕಳಿಸಬೇಕಾಗುತ್ತಿತ್ತು ಎಂದರಂತೆ. ಆ ಚಳಿಗಾಲ ಮುಗಿಯುವ ತನಕ ದಿನಾ ನಸುಕಿಗೆ ಅಪ್ಪನೇ ತಣ್ಣೀರು ಸುರಿದುಕೊಂಡು ಒಲೆ ಹಚ್ಚಿದ. ಆಯಿ ದಿನಾ ಕೊಳಾಯಿಯ ಹತ್ತಿರ ನಿಂತು ಓಣಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು, "ನಮ್ಮ ಸೊಸಿ ಹೊತ್ತು ಏರೋತನಾ ಮಲಗ್ತಾಳ್ರಿ, ಮುದಿಕಿ ದುಡಿಬೇಕ್ರಿ." ಓಣಿಯವರು ಆಯಿಯನ್ನೇ ಬೈದರು. ಅವ್ವ ಔಷಧ ಕುಡಿದು, ಸಿಟ್ಟಲ್ಲಿ ಮಲಗಿ ಮಲಗಿಯೇ ಗುಣವಾದಳು. ಆಯಿಯೊಂದಿಗೆ ಯುಗಾದಿಯ ತನಕ ಮಾತು ಬಿಟ್ಟಿದ್ದಳು.

ಭಟ್ಟಿ ಹೊತ್ತಿಕೊಂಡ ಮೇಲೆ ಚೆನ್ ಸಾಹೇಬರು ತಮ್ಮ ದೇಶಕ್ಕೆ ಹೋದರು. ಆಯಿ ಹೋಗಿಯೂ ಬಹಳ ವರ್ಷಗಳಾದವು, ಅಪ್ಪನೂ ಈಗ ಇಲ್ಲ. ಅವ್ವ ನನ್ನ ಹತ್ತಿರ ಶಹಾಬಾದಿನಲ್ಲಿದ್ದಾಳೆ. ನಮ್ಮಲ್ಲಿ ಗೀಜರ್ ಇದೆ, ಯಾರು ಮೊದಲು ಎದ್ದರೂ ನಡೆಯುತ್ತದೆ. ಹೋದ ಚಳಿಗಾಲದ ಒಂದು ಸಂಜೆ ಅವ್ವನ ಕಾಲು ತಣ್ಣಗಿದ್ದವು, ಬಿಸಿನೀರಲ್ಲಿ ಇಡಿಸಿ ಎದುರಿಗೆ ಕೂತೆ. ಟಿವಿಯಲ್ಲಿ ಯಾವುದೋ ಅತ್ತೆ ಸೊಸೆಯ ಜಗಳ ನಡೆದಿತ್ತು. ಅವ್ವ ಇದ್ದಕ್ಕಿದ್ದ ಹಾಗೆ ಮದ್ದಿನ ಮಾತು ಎತ್ತಿದಳು, ಅಂಥ ಮಾತು ಅಂದಳಲ್ಲ ನಿಮ್ಮ ಆಯಿ ಎಂದಳು. ನನಗೆ ತಡೆಯಲಾಗಲಿಲ್ಲ. ಆಯಿಯ ಮೇಲೆ ಇನ್ನೂ ಆ ಅಪವಾದ ಯಾಕೆ ಎಂದು ಹೇಳಿಬಿಟ್ಟೆ:

"ಅವ್ವಾ, ಆಗ ಒಲಿ ಹಚ್ತಿದ್ದಾಂವ ಅಪ್ಪ. ಆಯಿ ಅಲ್ಲ. ನೀ ಮಲಗ್ಲಿ ಅಂತ ಅಕಿ ಬೇಕಂತನೇ ಜಗಳಾ ತಗದಿದ್ದಳು."

ಅವ್ವ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತದ."

"ಯಾವಾಗ ಗೊತ್ತಾಯ್ತು?"

"ಅವತ್ತೇ. ಮನಿ ತುಂಬ ಹೊಗಿ. ನಿಮ್ಮ ಆಯಿ ಒಲಿ ಹಚ್ಚಿದ್ರ ಅಷ್ಟು ಹೊಗಿ ಎಲ್ಲಿಂದ ಬರ್ಬೇಕು? ನೀ ಬಂದು ಸುಳ್ಳ ಹೇಳಿದಿ, ಆಗ ಖಾತ್ರಿ ಆಯ್ತು."

ಗೊತ್ತಿದ್ದೂ ಯುಗಾದಿ ತನಕ ಆ ಮುದುಕಿಯೊಂದಿಗೆ ಮಾತು ಬಿಟ್ಟಿದ್ದಳೇ? ಕೇಳಿದೆ, ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ.

"ಗೊತ್ತಾಗ್ಯಾದಂತ ಅಂದಿದ್ರ ಏಳಬೇಕಾಗ್ತಿತ್ತಲ್ಲ" ಎಂದಳು ಅವ್ವ. "ಆ ಮನಿಗೆ ಬಂದ ಮ್ಯಾಲ ನಾ ಅಷ್ಟು ಬೆಚ್ಚಗ ಯಾವತ್ತೂ ಮಲಗಿದ್ದಿಲ್ಲ."